ಮಗಳಿಗೊಂದು ಪತ್ರ: ಸ್ಕರ್ಟಿನ ಚೀಲದ ಜೊತೆ

ಪುಟ್ಟಿ,

ನೀನು ಬಿಟ್ಟು ಹೋದ ಸ್ಕರ್ಟುಗಳನ್ನೆಲ್ಲ ನಿನ್ನ ಮಾವನ ಕೈಲಿ ಕಳಿಸುತ್ತಿದ್ದೇನೆ. ದಾಸರಹಳ್ಳಿಯಿಂದ ಬೆಳ್ಳಂದೂರಿಗೆ ನಾನೇ ಬರೋಣ ಅಂದರೆ, ಆ ಟ್ರಾಫಿಕ್‌ನಲ್ಲಿ ಹೋಗಿ ಬರುವಷ್ಟರಲ್ಲಿ ಇನ್ನೊಂದು ಸ್ಕರ್ಟನ್ನೇ ಹೊಲಿದು ಮುಗಿಸಬಹುದು. ಯಾವುದಕ್ಕೆ ಏನು ಮಾಡಿದೆ ಅಂತ ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಅಂದು ಮರೆಯುತ್ತೀಯ. ಅದಕ್ಕೇ ಬರೆದಿದ್ದೇನೆ.

ಕಪ್ಪು ಸ್ಕರ್ಟಿಗೆ ನಾನು ಏನೂ ಮಾಡಿಲ್ಲ. ಮಾಡೋಕೆ ಆಗುವುದೂ ಇಲ್ಲ. ನಡೆಯುವಾಗ ಮೇಲಕ್ಕೆ ಏರುತ್ತೆ, ನಾನು ದಪ್ಪ ಆಗಿದ್ದೀನಿ ಅಂತ ಬೇಜಾರು ಮಾಡಿಕೊಂಡಿದ್ದೆಯಲ್ಲ, ಆ ಮಾತು ಬಿಡು. ನಿನ್ನ ಸೊಂಟ 28 ಇಂಚು, ಹಿಪ್ 40. ಎರಡಕ್ಕೂ 12 ಇಂಚಿನ ವ್ಯತ್ಯಾಸ. ರೆಡಿಮೇಡ್ ಮಾಡುವವರು ಸಾಮಾನ್ಯವಾಗಿ ಒಂಬತ್ತು ಹತ್ತು ಇಂಚಿನ ವ್ಯತ್ಯಾಸ ಇಟ್ಟುಕೊಂಡು ಬಟ್ಟೆ ಕತ್ತರಿಸುತ್ತಾರೆ. ನೀನು ಸೊಂಟ ನೋಡಿ 28ರ ಸೈಜ್ ತಗೊಂಡೆ. ಅದು 38ರ ಹಿಪ್‌ಗೆ ಮಾಡಿದ್ದು. ಹಿಪ್ ಹತ್ತಿರ ಜಾಗ ಸಾಲದಿದ್ದರೆ ಬಟ್ಟೆ ಅಲ್ಲಿ ನಿಲ್ಲುವುದಿಲ್ಲ, ಸಣ್ಣಗಿರುವ ಸೊಂಟದ ಕಡೆಗೆ ಹತ್ತುತ್ತದೆ. ಬೆಲ್ಟಿನ, ಅಂದರೆ ಸೊಂಟದ ಪಟ್ಟಿಯ, ಕೆಳಗೆ ಅಡ್ಡಡ್ಡ ಗೆರೆ ಬಿದ್ದಿರುತ್ತೆ ನೋಡು, ಅದೇ ಗುರುತು. ನಿಂತಾಗಲೂ ಹಿಂದಿನ ಸ್ಲಿಟ್ ಬಾಯಿ ಬಿಟ್ಟುಕೊಂಡಿದ್ದರೆ, ಸೈಡ್ ಜೇಬು ಅಗಲಿದ್ದರೆ, ಅದೂ ಇದೇ ಕಾಯಿಲೆ.

ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡೋಣ ಅಂತ ಒಳಗೆ ನೋಡಿದೆ. ಅರ್ಧ ಇಂಚೂ ಇಲ್ಲ, ಅದಕ್ಕೂ ಎಳೆ ಬಿಡದಂತೆ ಅಂಚು ಕತ್ತರಿಸಿ ಓವರ್‌ಲಾಕ್ ಹೊಲಿಗೆ ಹೊಡೆದಿದ್ದಾರೆ. ಗಾರ್ಮೆಂಟ್ಸ್‌ನಲ್ಲಿ ಹಾಗೇ. ಒಂದು ಉಡುಪಿನ ಖರ್ಚಿನಲ್ಲಿ ದೊಡ್ಡ ಪಾಲು ಬಟ್ಟೆಯದೇ, ಸಾವಿರಾರು ಪೀಸ್ ಕತ್ತರಿಸುವಾಗ ಒಂದೊಂದು ಸೆಂಟಿಮೀಟರ್ ಉಳಿಸಿದರೂ ಥಾನುಗಟ್ಟಲೆ ಉಳಿಯುತ್ತೆ. ನಾನು ಪೀಣ್ಯದಲ್ಲಿ ಸ್ಯಾಂಪಲ್ ಸೆಕ್ಷನ್‌ನಲ್ಲಿದ್ದಾಗ ನೋಡಿದ್ದೂ ಇದನ್ನೇ. ಮಧ್ಯದ ಒಂದು ಸೈಜ್ ಮಾಡುತ್ತಾರೆ, ಒಬ್ಬಳು ಹುಡುಗಿಗೆ ಹಾಕಿಸಿ ನೋಡುತ್ತಾರೆ. ಆಮೇಲೆ ಮೇಲಿನ ಸೈಜು, ಕೆಳಗಿನ ಸೈಜು ಎಲ್ಲ ಬರೀ ಲೆಕ್ಕದಲ್ಲಿ ಹಿಗ್ಗಿಸಿ ಕುಗ್ಗಿಸುವುದು. ಆ ಹುಡುಗಿಯ ಮೈಕಟ್ಟು ಇದ್ದವರಿಗೆ ಸರಿಹೋಗುತ್ತೆ. ಉಳಿದವರು ಟ್ರಯಲ್ ರೂಮಿನಲ್ಲಿ ನಿಂತು ತಮ್ಮನ್ನೇ ಬೈದುಕೊಳ್ಳುತ್ತಾರೆ.

ನಮ್ಮ ಜನರ ಮೈ ಅಳತೆಗೆ ಅಂತ ಒಂದು ಪಟ್ಟಿಯೇ ಇರಲಿಲ್ಲ, ಗೊತ್ತಾ? ಕಂಪನಿಗಳು ಅಮೆರಿಕ, ಇಂಗ್ಲೆಂಡ್‌ನ ಪಟ್ಟಿ ಇಟ್ಟುಕೊಂಡು ಅಲ್ಲಿಷ್ಟು ಇಲ್ಲಿಷ್ಟು ತಿದ್ದುತ್ತಾ ಬಂದವು. ನಿಫ್ಟ್ ಅಂತ ಸರ್ಕಾರದ ಫ್ಯಾಷನ್ ಕಾಲೇಜಿದೆಯಲ್ಲ, ಅವರು ಇಂಡಿಯಾಸೈಜ್ ಅಂತ ಒಂದು ಯೋಜನೆ ಮಾಡಿ, ಬೆಂಗಳೂರೂ ಸೇರಿ ಆರು ಊರುಗಳಲ್ಲಿ 25,000 ಜನರ ಅಳತೆಯನ್ನು 3ಡಿ ಸ್ಕ್ಯಾನರ್‌ನಲ್ಲಿ ತೆಗೆಯಲು ಹೊರಟಿದ್ದು ಅದಕ್ಕೇ. ಅಂಗಡಿಗೆ ಅದು ಬರುವ ತನಕ ನಿನ್ನ ಟೇಪೇ ನಿನಗೆ ಗತಿ.

ನೀನು ದೊಡ್ಡದಾಯ್ತು ಅಂತ ಮೂಲೆಗೆ ಹಾಕಿದ್ದ ಬೂದು ಸ್ಕರ್ಟ್ ಇದೆಯಲ್ಲ, ಅದೇ ನೀನು ಮಾಡಿದ ಒಳ್ಳೆ ಖರೀದಿ. ಹಿಪ್ ಹತ್ತಿರ 42 ಇಂಚಿದೆ, ಅಂದರೆ ನಿನ್ನ ಅಳತೆಗಿಂತ ಎರಡು ಇಂಚು ಜಾಸ್ತಿ. ಅಷ್ಟು ಸಡಿಲ ಬೇಕು, ಕೂತಾಗ ಮೈ ಹರಡುತ್ತೆ. ಸೊಂಟ ಮಾತ್ರ ಎರಡು ಇಂಚು ಲೂಸ್ ಇತ್ತು, ನೀನು ಸೇಫ್ಟಿ ಪಿನ್ ಚುಚ್ಚಿಕೊಂಡು ಓಡಾಡುತ್ತಿದ್ದೆ. ಸೊಂಟ ಹಿಡಿಸುವುದು ಸುಲಭ, ಹಿಪ್ ಬಿಡಿಸುವುದು ಕಷ್ಟ. ಕೊಳ್ಳುವಾಗ ಯಾವಾಗಲೂ ಹಿಪ್ ನೋಡಿ ಕೊಳ್ಳು, ಮಿಕ್ಕಿದ್ದು ನನಗೆ ಬಿಡು.

ಆ ಎರಡು ಇಂಚನ್ನು ಹೇಗೆ ಹಿಡಿದೆ ಅಂತ ಸ್ವಲ್ಪ ಗಮನ ಕೊಟ್ಟು ಓದು, ಬೇರೆಯವರ ಹತ್ತಿರ ಮಾಡಿಸುವಾಗ ಹೇಳಬೇಕಾಗುತ್ತೆ. ಅವಸರದ ಟೈಲರ್ ಆದರೆ ಬೆಲ್ಟನ್ನು ಹಿಂದೆ ಒಂದು ಕಡೆ ಚಿವುಟಿ ಹೊಲಿದು ಕೊಟ್ಟುಬಿಡುತ್ತಾನೆ. ಹಿಂದೆ ಉಬ್ಬಿಕೊಂಡು ನಿಲ್ಲುತ್ತೆ. ಇಲ್ಲದಿದ್ದರೆ ಎರಡೂ ಪಕ್ಕದಲ್ಲಿ ಪೂರ್ತಿ ಹಿಡಿಯುತ್ತಾನೆ, ಆಗ ಹಿಪ್ ಮೇಲೆ ಮೂಲೆ ಬಂದಂತೆ ಕಾಣುತ್ತೆ. ನಾನು ಬೆಲ್ಟ್ ಪೂರ್ತಿ ಬಿಚ್ಚಿದೆ. ಎರಡು ಪಕ್ಕದ ಹೊಲಿಗೆಯಲ್ಲಿ ಅರ್ಧರ್ಧ ಇಂಚು, ಹಿಂದಿನ ಎರಡು ಡಾರ್ಟ್‌ನಲ್ಲಿ, ಅಂದರೆ ಸೊಂಟದಿಂದ ಕೆಳಗೆ ಚೂಪಾಗಿ ಹಿಡಿದು ಹೊಲಿದ ಮಡಿಕೆಯಲ್ಲಿ, ಅರ್ಧರ್ಧ ಇಂಚು ತೆಗೆದೆ. ಅಲ್ಲಿಗೆ ಎರಡು ಇಂಚು ಆಯ್ತು, ಒಂದೇ ಕಡೆ ಭಾರ ಬೀಳಲಿಲ್ಲ. ಹಿಂದಿನ ಡಾರ್ಟ್ ಐದು ಇಂಚಿನಷ್ಟು ಉದ್ದ ಇರಲಿ, ಮುಂದಿನದು ಮೂರೂವರೆ ಸಾಕು. ಮುಂದೆ ಹೊಟ್ಟೆ ಮೇಲ್ಗಡೆ ಇರುತ್ತೆ, ಹಿಂದೆ ತುಂಬಿಕೊಂಡಿರುವುದು ಕೆಳಗೆ, ಅದಕ್ಕೆ. ಜಿಪ್ ಹಿಂದೆ ಮಧ್ಯದಲ್ಲಿ ಇದ್ದದ್ದು ಪುಣ್ಯ. ಪಕ್ಕದಲ್ಲಿ ಇದ್ದಿದ್ದರೆ ಅದನ್ನೂ ಬಿಚ್ಚಿ ಹಾಕಬೇಕಿತ್ತು, ಆಲ್ಟರೇಷನ್ ಮಾಡುವವರು ಅದಕ್ಕೆ ಬೇರೆ ದುಡ್ಡು ಕೇಳುತ್ತಾರೆ. ಕೇಳುವುದು ನ್ಯಾಯವೇ.

ಇನ್ನೊಂದು ನೋಡಿದೆ. ನಿನಗೆ ಬೆನ್ನಿನ ಕೆಳಗೆ ಒಳಕ್ಕೆ ಬಾಗು ಇದೆ, ನನಗೂ ಇದೆ, ಅಜ್ಜಿಗೂ ಇದೆ. ಅಂಥವರಿಗೆ ಹಿಂದೆ ಬೆಲ್ಟಿನ ಕೆಳಗೆ ಬಟ್ಟೆ ಮಡಿಕೆ ಬಿದ್ದು ಕೂರುತ್ತೆ. ಹಿಂಭಾಗದ ಮಧ್ಯದಲ್ಲಿ ಬೆಲ್ಟನ್ನು ಅರ್ಧ ಇಂಚು ಕೆಳಗಿಳಿಸಿ ಕೂರಿಸಿದೆ, ಮಡಿಕೆ ಹೋಯಿತು. ಇದನ್ನು ಹೇಳದಿದ್ದರೆ ಯಾವ ಟೈಲರೂ ತಾನಾಗಿ ಮಾಡುವುದಿಲ್ಲ.

ಡೆನಿಮ್ ಸ್ಕರ್ಟ್ ಗಿಡ್ಡ ಮಾಡಿದ್ದೇನೆ, ಅಷ್ಟೇ. 16ನೇ ನಂಬರ್ ಸೂಜಿ ಹಾಕಿ ಹೊಲಿದೆ.

ಹೂವಿನ ಅಂಬ್ರೆಲಾ ಸ್ಕರ್ಟಿನ ಅಂಚು ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಅಂತ ದೂರು ಹೇಳಿದ್ದೆ. ಹೊಲಿದವರು ಅದನ್ನು ನೇತು ಹಾಕದೆ ಹೆಮ್ಮಿಂಗ್ ಮಾಡಿದ್ದಾರೆ. ಅಂಬ್ರೆಲಾದಲ್ಲಿ ಕೆಲವು ಜಾಗದಲ್ಲಿ ಬಟ್ಟೆ ಕ್ರಾಸ್, ಅಂದರೆ ಎಳೆಗೆ ಓರೆಯಾಗಿ, ಬರುತ್ತೆ, ಕ್ರಾಸ್ ಬಂದ ಕಡೆ ತನ್ನ ಭಾರಕ್ಕೆ ತಾನೇ ಇಳಿಯುತ್ತೆ. ಒಂದೆರಡು ದಿನ ಹ್ಯಾಂಗರ್‌ಗೆ ಹಾಕಿ ಬಿಟ್ಟು, ಆಮೇಲೆ ಅಂಚು ಕತ್ತರಿಸಬೇಕು. ನಾನು ಹಾಗೇ ನೇತು ಹಾಕಿ ಬಿಟ್ಟಿದ್ದೆ, ಅಂಚಿಗೆ ಬರೀ ಕಚ್ಚಾ ಹೊಲಿಗೆ ಹಾಕಿದ್ದೇನೆ. ನೀನು ಹಾಕಿಕೊಂಡು ನೇರ ನಿಲ್ಲು, ನಿನ್ನ ರೂಮ್‌ಮೇಟ್ ಕೈಲಿ ಸ್ಕೇಲು, ಸೀಮೆಸುಣ್ಣ ಕೊಡು. ನೆಲದಿಂದ ಮೇಲಕ್ಕೆ ಒಂದೇ ಎತ್ತರದಲ್ಲಿ ಸುತ್ತಲೂ ಗುರುತು ಹಾಕಲಿ. ನೀನು ಬಗ್ಗಿ ನೋಡಬೇಡ, ಬಗ್ಗಿದರೆ ಅಳತೆ ಕೆಟ್ಟುಹೋಗುತ್ತೆ. ಅವಳು ಸುತ್ತ ತಿರುಗಬೇಕು, ನೀನಲ್ಲ.

ಹೊಸದು ಬೇಕು ಅಂದೆಯಲ್ಲ. ಕಮರ್ಷಿಯಲ್ ಸ್ಟ್ರೀಟ್, ಜಯನಗರ 4ನೇ ಬ್ಲಾಕ್ ಎಲ್ಲ ಸುತ್ತು, ಬೇಡ ಅನ್ನುವುದಿಲ್ಲ. ನನ್ನ ಕೇಳಿದರೆ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿ ನೋಡು, ಹೊರದೇಶಕ್ಕೆ ಅಂತ ಹೊಲಿದು ಉಳಿದದ್ದು, ರಿಜೆಕ್ಟ್ ಆದದ್ದು ಅಲ್ಲಿ ಮಾರುತ್ತಾರೆ. ಬಟ್ಟೆ ಚೆನ್ನಾಗಿರುತ್ತೆ, ರೇಟು ಕಮ್ಮಿ. ಆದರೆ ಯಾಕೆ ರಿಜೆಕ್ಟ್ ಆಯ್ತು ಅಂತ ಹುಡುಕಿ ಕೊಳ್ಳಬೇಕು. ಸಣ್ಣ ತೂತು, ಬಿಟ್ಟುಹೋದ ಹೊಲಿಗೆ, ಇವನ್ನೆಲ್ಲ ಸರಿ ಮಾಡಬಹುದು. ಮುಂದಿನ ಭಾಗಕ್ಕೂ ಹಿಂದಿನದಕ್ಕೂ ಬಣ್ಣ ಬೇರೆ ಇದ್ದರೆ ಬಿಟ್ಟು ಬಾ. ಪಕ್ಕದ ಹೊಲಿಗೆ ತಿರುಚಿಕೊಂಡು ಮುಂದೆ ಬಂದಿದ್ದರೂ ಬೇಡ, ಬಟ್ಟೆಯನ್ನೇ ಓರೆ ಇಟ್ಟು ಕತ್ತರಿಸಿರುತ್ತಾರೆ. ಅದನ್ನು ಯಾರಿಂದಲೂ ಸರಿ ಮಾಡೋಕಾಗಲ್ಲ. ಆನ್‌ಲೈನ್‌ನಲ್ಲಿ ತಗೊಳ್ಳುವಾಗ ಸೈಜ್ ಪಟ್ಟಿ ಮೈ ಅಳತೆಯದಾ, ಉಡುಪಿನ ಅಳತೆಯದಾ ಅಂತ ನೋಡು. ಎರಡೂ ಒಂದೇ ಅಲ್ಲ, ಅಲ್ವಾ? ಹಾಕಿಕೊಂಡಾಗ ಕನ್ನಡಿ ಮುಂದೆ ನಿಂತು ತೃಪ್ತಿಪಡಬೇಡ. ಕೂತು ನೋಡು, ಬಿಎಂಟಿಸಿ ಬಸ್ಸಿನ ಮೆಟ್ಟಿಲು ಹತ್ತುವಷ್ಟು ಕಾಲೆತ್ತಿ ನೋಡು.

ಕೊನೆಗೆ ಅಜ್ಜಿಯ ಇಳಕಲ್ ಸೀರೆ. ಅದರಲ್ಲಿ ಸ್ಕರ್ಟ್ ಮಾಡಿಕೊಡು ಅಂತ ಆಸೆಪಟ್ಟೆ. ಇದರಲ್ಲಿ ಅಂಬ್ರೆಲಾ ಆಗುವುದಿಲ್ಲ ಪುಟ್ಟಿ. ಅಂಚು ನೇರ ನೇಯ್ದದ್ದು, ಅದನ್ನು ದುಂಡಗೆ ಬಗ್ಗಿಸೋಕಾಗಲ್ಲ. ಹಾಗಾಗಿ ಕೆಳಗೆ ನೇರ ಅಂಚು, ಮೇಲೆ ನೆರಿಗೆ. ಸುಮ್ನೆ ಸೊಂಟಕ್ಕೆ ಒಟ್ಟು ಮಾಡಿ ಹೊಲಿದರೆ ನಿನ್ನ ಹಿಪ್ ಇನ್ನೂ ಅಗಲ ಕಾಣುತ್ತೆ. ಎರಡೆರಡು ಇಂಚಿನ ನೆರಿಗೆ ಹಿಡಿದು, ಬೆಲ್ಟಿನಿಂದ ಆರು ಇಂಚು ಕೆಳಗಿನ ತನಕ ಕೂರಿಸಿ ಹೊಲಿದು, ಆಮೇಲೆ ಬಿಟ್ಟುಬಿಡಬೇಕು. 42 ಇಂಚಿಗೆ 21 ನೆರಿಗೆ ಬರುತ್ತೆ. ಸೊಂಟಕ್ಕೆ ಬರುವಾಗ ಒಂದೊಂದು ನೆರಿಗೆಯನ್ನೂ ಅರ್ಧ ಇಂಚಿಗಿಂತ ಚೂರು ಜಾಸ್ತಿ ಕಿರಿದು ಮಾಡಿದರೆ ನಿನ್ನ 12 ಇಂಚಿನ ವ್ಯತ್ಯಾಸ ಅದರೊಳಗೇ ಕರಗಿಹೋಗುತ್ತೆ, ಡಾರ್ಟೇ ಬೇಡ. ಬಟ್ಟೆ ಮಾತ್ರ ಹಿಪ್‌ನ ಮೂರರಷ್ಟು ಬೇಕು, ಮೂರೂವರೆ ಗಜ. ಸೆರಗನ್ನು ಮುಟ್ಟುವುದಿಲ್ಲ. ಇಳಕಲ್‌ನಲ್ಲಿ ಸೆರಗಿನ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಸೇರಿಸಿರುತ್ತಾರೆ, ಆ ಜೋಡಣೆಯ ಹತ್ತಿರ ಕತ್ತರಿ ಆಡಿಸಿದರೆ ಎಳೆ ಬಿಟ್ಟುಕೊಳ್ಳುತ್ತೆ. ಸೆರಗಿನ ಕಡೆ ಉಳಿದದ್ದನ್ನು ದುಪಟ್ಟಾ ಮಾಡೋಣ.

ಇನ್ನೂ ಕತ್ತರಿ ಹಾಕಿಲ್ಲ. ಸೀರೆ ಅಜ್ಜಿಯದು, ನೀನೇ ಫೋನ್ ಮಾಡಿ ಕೇಳು, ನನ್ನ ಹೆಸರು ಹೇಳಬೇಡ. ಅವರು ಹೂಂ ಅಂದರೆ, ಆಫೀಸಿಗೆ ಹಾಕುವ ಚಪ್ಪಲಿ ಹಾಕಿಕೊಂಡು ಸೊಂಟದಿಂದ ಎಷ್ಟು ಉದ್ದ ಬೇಕು ಅಂತ ಅಳೆದು ನನಗೆ ಮೆಸೇಜ್ ಮಾಡು. ಕಪ್ಪು ಸ್ಕರ್ಟನ್ನು ಚಿಕ್ಕಮ್ಮನ ಮಗಳಿಗೆ ಕೊಡು, ಅವಳಿಗೆ ಸರಿಹೋಗುತ್ತೆ.

ಇಂತಿ,
ಅಮ್ಮ