ಭಾನುವಾರದ ಸಿತಾರ್ ಕಾರ್ಯಕ್ರಮ ಆತು, ಮೊದಲ ನಮಸ್ಕಾರ ನಮ್ಮ ವೈನಿಗೆ

ಕಾರ್ಯಕ್ರಮ ಮುಗಿದು ಇವತ್ತಿಗೆ ನಾಕು ದಿನ, ಇನ್ನೂ ಫೋನು ಮೆಸೇಜು ಬರ್ಲಿಕ್ಕೇ ಹತ್ತ್ಯಾವ, ಒಬ್ಬೊಬ್ಬರಿಗೆ ಕೂತು ಉತ್ತರ ಬರಿಯೂದು ನನ್ನ ಕೈಲೆ ಆಗ್ಲಿಲ್ಲ, ಅದಕ್ಕ ಎಲ್ಲಾರಿಗೂ ಕೂಡಿ ಇಲ್ಲೇ ಬರೀತೀನಿ. ಹೋದ ವರ್ಷ ನನ್ನ ಎಡಗೈಗೆ ಏನಾತು, ಎಷ್ಟು ತಿಂಗಳು ಬೆರಳು ಮಡಚ್ಲಿಲ್ಲ ಅನ್ನೂದು ನಿಮಗೆಲ್ಲಾ ಗೊತ್ತದ, ಅದನ್ನ ಮತ್ತ ತಗಿಯೂದಿಲ್ಲ. ಒಂದೂವರೆ ವರ್ಷದ ಮ್ಯಾಲೆ ಮೊನ್ನೆ ಧಾರವಾಡದ ಸೃಜನಾ ರಂಗಮಂದಿರದಾಗ ಸ್ಟೇಜ್ ಹತ್ತಿದೆ.

ಸಿತಾರ್ ರತ್ನ ರಹಿಮತ್ ಖಾನ್ ಸಾಹೇಬರು 1931ರಾಗ ಭಾರತೀಯ ಸಂಗೀತ ವಿದ್ಯಾಲಯ ಶುರು ಮಾಡಿದ ಊರಿದು, ಸಿತಾರ್ ಅಂದ್ರ ಏನು ಅಂತ ಧಾರವಾಡದ ಮಂದಿಗೆ ನಾ ಹೇಳಬೇಕಾಗಿಲ್ಲ. ಅಂಥವರ ಮುಂದ ಸಿತಾರ್, ವಯೋಲಿನ್ ಜೋಡಿ ಬಲ್ಗೇರಿಯಾದ ಕುಣಿತದ ಧಾಟಿ, ನಾರ್ವೆ ಕಡೆ ಪಿಟೀಲಿನ ಹಾಡು, ಸವದತ್ತಿ ಎಲ್ಲಮ್ಮನ ಹಾಡಿನ ಚೌಡಿಕಿ ವಾದ್ಯ ಎಲ್ಲಾ ಕೂಡಿಸ್ತೀವಿ ಅಂದಾಗ ಭಾಳ ಮಂದಿ ಹುಬ್ಬು ಏರಿಸಿದ್ರು. ನನಗ ಮಾತ್ರ ಇದು ಕಲಬೆರಕಿ ಅಂತ ಒಂದು ದಿನಾನೂ ಅನಿಸಿಲ್ಲ. ನಾರ್ವೆಯ ಹಾರ್ಡಾಂಗರ್ ಫಿಡಲ್‌ನಾಗ ಬಾರಿಸೋ ನಾಕು ತಂತಿ ಕೆಳಗ ಇನ್ನೂ ನಾಕೈದು ತಂತಿ ಇರ್ತಾವ, ಅವನ್ನ ಯಾರೂ ಮುಟ್ಟಂಗಿಲ್ಲ, ಮ್ಯಾಲಿನ ತಂತಿ ನುಡಿದ್ರ ತಾವೂ ನುಡಿತಾವ. ನಮ್ಮ ಸಿತಾರಿನ ಕೆಳಗಿನ ತಂತಿ, ತರಬ್ ಅಂತೀವಲ್ಲ, ಅದರಂಗ! ಮೊದಲ ಸಲ ಇದನ್ನ ಓದಿದ ದಿನ ನನಗ ರಾತ್ರಿ ನಿದ್ದಿ ಬಂದಿದ್ದಿಲ್ಲ.

ಹುಬ್ಬಳ್ಳಿಯಿಂದ ಎರಡು ತಿಂಗಳು ವಾರಕ್ಕ ಮೂರು ಸಲ ಓಡಾಡಿದ ವಯೋಲಿನ್ ಗೆಳತಿಗೆ, ತಬಲಾದ ತಮ್ಮಗ, ಒಂದೇ ತಂತಿ ಎಳದು ಸಡ್ಲ ಮಾಡಿ ಇಡೀ ಸಭಾಗೃಹ ಗಪ್ ಕೂಡಿಸಿದ ಚೌಡಿಕಿ ಅಕ್ಕಗ, ಸೌಂಡಿನ ಹುಡುಗರಿಗೆ, ಜಮಖಾನಿ ಹಾಸಿದ ನನ್ನ ಕ್ಲಾಸಿನ ಮಕ್ಕಳಿಗೆ, ಮಳ್ಯಾಗ ತೋಯ್ಸ್ಕೊಂಡು ಬಂದ ನಿಮಗೆಲ್ಲಾರಿಗೂ ಶರಣು.

ಇನ್ನ ವೈನಿ, ನಮ್ಮ ಅಣ್ಣನ ಹೆಂಡತಿ.

ಶನಿವಾರ ಸಂಜಿಮುಂದ ರಿಹರ್ಸಲ್ ಮುಗಿಸಿ ಬರೂವಾಗ ಬಸ್ಸಿನಾಗ ಸಿತಾರಿಗೆ ಪೆಟ್ಟು ಬಿದ್ದ ಸುದ್ದಿ ಎಲ್ಲಾ ಕಡೆ ಹಬ್ಬೇದ. ಮನಿಗೆ ಬಂದು ಗವಸಣಿಗಿ ತಗದ್ರ ಸಿತಾರಿನ ತಳದ ಸೋರಿ ಬುರುಡಿ, ನಾವು 'ತುಂಬಾ' ಅಂತೀವಲ್ಲ ಅದು, ಒಂದು ಗೇಣು ಉದ್ದ ಸೀಳಿತ್ತು. ಒಳಗಿನ ಕತ್ತಲಿ ಕಾಣ್ತಿತ್ತು. ನಾ ಅಲ್ಲೇ ಪಡಸಾಲ್ಯಾಗ ಕುಕ್ಕರಿಸಿದೆ. ವೈನಿ ಅಡಗಿಮನಿಯಿಂದ ಬಂದು ನೋಡಿದ್ರು, ಏನೂ ಮಾತಾಡ್ಲಿಲ್ಲ, ನನ್ನ ಫೋನ್ ತಗೊಂಡು ಈ ಸಿತಾರ್ ಮಾಡಿಕೊಟ್ಟ ಮಿರಜಿನ ಚಾಚಾಗ ವಿಡಿಯೋ ಕಾಲ್ ಹಚ್ಚಿದ್ರು. ವೈನಿ ತವರುಮನಿ ನಿಪ್ಪಾಣಿ, ಅವರಿಬ್ಬರೂ ಮರಾಠಿಯೊಳಗ ಮಾತಾಡಿದ್ರು, ನಾ ಬರೇ ಕೂತಿದ್ದೆ.

ಮೊದಲ ಎಲ್ಲಾ ತಂತಿ ಸಡ್ಲ ಮಾಡ್ರಿ, ಇಲ್ಲಾಂದ್ರ ತಂತಿ ಜಗ್ಗಿ ಸೀಳು ಇನ್ನೂ ಬಾಯಿ ಬಿಡತದ ಅಂದ್ರು ಚಾಚಾ. ಮ್ಯಾಲಿನ ಏಳು, ತರಬಿನ ಹದಿಮೂರು, ಒಂದೊಂದ ಖೂಂಟಿ ತಿರುವಿದ್ದು ವೈನಿ, ಯಾಕಂದ್ರ ನನ್ನ ಕೈ ನಡಗ್ತಿತ್ತು. ಅವರು ಮನ್ಯಾಗ ಬ್ಲೌಸ್ ಹೊಲೀತಾರ, ನಿಮ್ಮಲ್ಲಿ ಎಷ್ಟೋ ಮಂದಿಗೆ ಹೊಲಿದು ಕೊಟ್ಟಾರ. ಆ ಸೀಳಿನ ಎರಡೂ ದಂಡಿ ಕೂಡಿಸಿದ ರೀತಿ ನೋಡಬೇಕಿತ್ತು ನೀವು, ಜರಿ ಅಂಚಿಗೆ ಅಂಚು ಕೂಡಿಸಿದಂಗ, ಉಗುರಿನಿಂದ ಸವರಿ ಸವರಿ. ಬ್ಲೌಸಿನ ಅಸ್ತರದ ಬಟ್ಟಿ ಎರಡು ಬಟ್ಟು ಅಗಲ ಕತ್ತರಿಸಿ, ಫೆವಿಕಾಲ್‌ನಾಗ ನೆನಸಿ ಸೀಳಿನ ಮ್ಯಾಲೆ ಹಾಸಿದ್ರು. ಅಣ್ಣ ಪಂಚರ್ ಅಂಗಡಿಯವರನ್ನ ಎಬ್ಬಿಸಿ ಹಳೇ ಸೈಕಲ್ ಟ್ಯೂಬ್ ತಂದ, ಅದನ್ನ ಪಟ್ಟಿ ಪಟ್ಟಿ ಕತ್ತರಿಸಿ ಬುರುಡಿಗೆ ಸುತ್ತಿ ಬಿಗದ್ರು.

ಶ್ರಾವಣದ ಜಿಟಿಜಿಟಿ ಮಳಿ, ಥಂಡಿಗೆ ಗೋಂದು ಒಣಗವಲ್ದು. ಅಟ್ಟದ ಮ್ಯಾಲಿಂದ ಹಳೇ 100 ವ್ಯಾಟಿನ ಬಲ್ಬ್ ಇಳಿಸಿ ಮೊಳ ದೂರ ಇಟ್ಟು, ಕಾವು ಒಂದ ಕಡೆ ಹೆಚ್ಚಾಗಬಾರದು ಅಂತ ಹತ್ತು ನಿಮಿಷಕ್ಕೊಮ್ಮೆ ಅದನ್ನ ಸರಿಸ್ಕೋತ ಕೂತ್ರು. ಎರಡು ಗಂಟೆ ಸುಮಾರಿಗೆ ನನ್ನ ಧೈರ್ಯ ಹೋತು. ಕೈನೂ ಹೋತು, ಸಿತಾರೂ ಹೋತು, ನಾಳೆ ಕ್ಯಾನ್ಸಲ್ ಅಂತ ಎಲ್ಲಾರಿಗೂ ಹಾಕಿಬಿಡ್ತೀನಿ, ನಾ ಇನ್ನ ಬಾರಿಸಂಗಿಲ್ಲ ವೈನಿ ಅಂದೆ. ಬಾಯಿ ಮಾತಲ್ಲ ಅದು, ಆ ಹೊತ್ತಿಗೆ ನನಗ ಖರೇನ ಹಂಗ ಅನಿಸಿತ್ತು, ಈಗ ಬರಿಯೂವಾಗೂ ಎದಿ ಹಿಡದಂಗ ಆಗ್ತದ. ವೈನಿ ನನ್ನ ಫೋನ್ ತಗೊಂಡು ಹೊಲಿಗಿ ಮಷೀನಿನ ಡ್ರಾದಾಗ ಇಟ್ರು. ಆಮ್ಯಾಲೆ, "ನನಗ ನಿದ್ದಿ ಬರ್ಲಿಕ್ಕತ್ತದ, ಆ ಪರದೇಶದ ಏಳರ ಲೆಕ್ಕ ಏನದು, ಹೇಳು" ಅಂದ್ರು.

ನಾ ಹೇಳಿದೆ. ನಮ್ಮ ರೂಪಕ ತಾಳದ ಏಳು ಮಾತ್ರೆ ಮೂರು-ಎರಡು-ಎರಡು, ಬಲ್ಗೇರಿಯಾದವರ ರಚೆನಿತ್ಸಾ ಕುಣಿತದ್ದು ಎರಡು-ಎರಡು-ಮೂರು, ಏಳು ಅದ, ಹಿಡಿಯೂ ತುದಿ ಬ್ಯಾರೆ, ಓಟ ಭಾಳ ಜೋರು. ವೈನಿ ಕಾಲಿನಿಂದ ಮಷೀನ್ ತುಳದಂಗ ನೆಲಕ್ಕ ತಾಳ ಹಾಕಿದ್ರು, ಎರಡು, ಎರಡು, ಮೂರು. ತಪ್ಪಿದ್ರ ಮತ್ತ ಮೊದಲಿಂದ. ಬೆಳಗಿನ ಹಾಲಿನವ ಬರೂತನಕ ನಾವಿಬ್ಬರೂ ಅದನ್ನ ಎಣಿಸಿದ್ವಿ, ಯಾವಾಗೋ ನನ್ನ ಎಡಗೈ ಬೆರಳು ತಾನ ತೊಡಿ ಮ್ಯಾಲೆ ಆಡ್ಲಿಕ್ಕೆ ಹತ್ತಿತ್ತು.

ಮಧ್ಯಾಹ್ನ ಟ್ಯೂಬ್ ಬಿಚ್ಚಿದ್ವಿ. ತಂತಿ ಸ್ವಲ್ಪ ಸ್ವಲ್ಪ ಏರಿಸ್ರಿ, ಇವತ್ತೊಂದಿನ ಶ್ರುತಿ ಅರ್ಧ ಸ್ವರ ಇಳಿಸಿ ಬಾರಿಸ್ರಿ ಅಂತ ಚಾಚಾ ಹೇಳಿದ್ರು, ನನ್ನ ಸಲುವಾಗಿ ಎಲ್ಲಾರೂ ಹಾರ್ಮೋನಿಯಂ ಲೆಕ್ಕದಾಗ ಕಪ್ಪು ಒಂದರಿಂದ ಬಿಳಿ ಒಂದಕ್ಕ ಇಳದ್ರು. ಕಡೀ ತರಬ್ ಕೂಡಿಸಿ ಕೈ ತಗದೆ. ಬಾಗಿಲದಾಗ ನಿಂತು ವೈನಿ "ಆತೇನು?" ಅಂದ್ರು, ಅವರ ಧ್ವನಿಗೆ ಒಳಗ ಒಂದು ತಂತಿ ಸಣ್ಣಗ ಝೇಂ ಅಂತು. ಅವರಿಗೂ ಕೇಳಿಸ್ತು.

ವೈನಿಗೆ ಫೇಸ್‌ಬುಕ್ ಇಲ್ಲ, ಅಣ್ಣ ಓದಿ ಹೇಳ್ತಾನ. ಸೋಮವಾರ ಸಿತಾರ್ ಮಿರಜಿಗೆ ಒಯ್ತೀನಿ, ಅದಕ್ಕ ಮುಂದಿನ ವಾರ ಮಕ್ಕಳಿಗೆ ಕ್ಲಾಸ್ ಇಲ್ಲ. ವೈನಿನೂ ಬರ್ತಾರ, ತಾವು ಹಚ್ಚಿದ ಅಸ್ತರ ಚಾಚಾ ಹೆಂಗ ಬಿಡಿಸ್ತಾರ ನೋಡಬೇಕಂತ.