ಗೋಳಿನ ಜೊತೆ ಖುಷಿಯೂ ಇದೆ

ಸಂಪಾದಕರೇ,

ಮಕ್ಕಳನ್ನು ಸಾಕುವುದು ಬರೀ ಗೋಳು ಅನ್ನುವವರೇ ಈಗ ಜಾಸ್ತಿ. ಮುಂಬೈ ಪಕ್ಕದ ಡೊಂಬಿವಲಿಯಿಂದ ಲೋಕಲ್ ರೈಲು ಹಿಡಿದು ಕೆಲಸಕ್ಕೆ ಓಡುವ ನನಗೆ ಗೋಳನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಖುಷಿಯೂ ಇದೆ, ಅಲ್ವಾ?

ಭಾನುವಾರ ಮೆಗಾಬ್ಲಾಕ್ ಇದ್ದರೆ, ಅಂದರೆ ಹಳಿ ರಿಪೇರಿಗೆಂದು ಲೋಕಲ್ ರೈಲು ನಿಲ್ಲಿಸಿದರೆ, ಮನೆಯಲ್ಲೇ ಇರುವ ನಮಗೆ ಹಬ್ಬ. ಮಗಳಿಗೆ ಕಸೂತಿ ಕಲಿಸುತ್ತಿದ್ದೇನೆ. ಅದರ ಗವಂತಿ ಎಂಬ ಹೊಲಿಗೆಗೆ ಗಂಟು ಹಾಕುವಂತಿಲ್ಲ, ಎಳೆ ಎಣಿಸಿಕೊಂಡು ಹೋಗಿ ಅದೇ ದಾರಿಯಲ್ಲಿ ವಾಪಸ್ ಬರಬೇಕು, ಆಗಲೇ ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣುವುದು. ಅವಳು ತುಟಿ ಕಚ್ಚಿಕೊಂಡು ಎಣಿಸುವಾಗಲೇ ತಮ್ಮ ಬಂದು ಸುಮ್ನೆ ದಾರ ಎಳೆಯುತ್ತಾನೆ. ಜಗಳ ಶುರು.

ಸಂಜೆ ದೀಪ ಹಚ್ಚಿ ಪುರಂದರದಾಸರ ಪದ ಹಾಡುತ್ತೇವೆ. ಅಪಸ್ವರವೇ ಜಾಸ್ತಿ, ದೇವರು ಸಹಿಸಿಕೊಂಡಿದ್ದಾನೆ.

ಮುಂಬೈಯ ಕನ್ನಡ ಸಂಘಗಳು ರಜೆಯಲ್ಲಿ ತಾಯಿ ಮಕ್ಕಳಿಗೆ ಒಟ್ಟಿಗೆ ಕಸೂತಿ ಕಲಿಸಬಾರದೇಕೆ? ಕರೆದರೆ ಸೂಜಿ ದಾರ ಹಿಡಿದು ನಾನೇ ಬರುತ್ತೇನೆ.

ನಿಮ್ಮ ಓದುಗರಲ್ಲೊಬ್ಬಳು, ಡೊಂಬಿವಲಿ