ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಮೊದಲ ವರ್ಷದವರಿಗೆ: ಫೀಲ್ಡ್‌ವರ್ಕ್ ಸೂಚನೆ

ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ಫೀಲ್ಡ್‌ವರ್ಕ್ ಶುರು. ವಾರಕ್ಕೆ ಎರಡು ದಿನ, ಬೆಳಿಗ್ಗೆ 10ಕ್ಕೆ ನಿಮಗೆ ಕೊಟ್ಟ ಸಂಸ್ಥೆಯಲ್ಲಿರಬೇಕು.

ಮೊದಲ ದಿನವೇ ಸಲಹೆ ಕೊಡಲು ಹೋಗಬೇಡಿ. ಕೂತು ಕೇಳಿ. ಮನೆ ಭೇಟಿಯಲ್ಲಿ ಜನರ ಮುಂದೆ ಬರೆಯುತ್ತಾ ಕೂರಬೇಡಿ. ವಾಪಸ್ ಬಂದು ಅದೇ ದಿನ ವರದಿ ಬರೆಯಿರಿ. ಅವರು ಹೇಳಿದ್ದು ಬೇರೆ, ನಿಮಗೆ ಅನ್ನಿಸಿದ್ದು ಬೇರೆ, ಎರಡನ್ನೂ ಕಲಸಬೇಡಿ. ಇದನ್ನು ಕಲಿಯಲು ನನಗೇ ಒಂದು ವರ್ಷ ಬೇಕಾಯಿತು.

ಯಾರ ಹೆಸರು, ಫೋಟೋ ಈ ಗುಂಪಿಗೆ ಹಾಕಬೇಡಿ. ನಮ್ಮನ್ನು ನಂಬಿ ಹೇಳಿಕೊಂಡ ಮಾತು ಅಲ್ವಾ ಅದು? ಮಗುವಿಗೆ ಅಪಾಯ ಇದೆ ಅನ್ನಿಸಿದರೆ ಮಾತ್ರ ಕಾಯಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ನನಗೂ ತಿಳಿಸಿ.

ಶನಿವಾರ ಒಬ್ಬೊಬ್ಬರ ಜೊತೆಗೂ ಕೂತು ಮಾತಾಡುತ್ತೇನೆ. ವರದಿ ತನ್ನಿ. ಮನಸ್ಸಿಗೆ ಭಾರವಾಗಿದ್ದರೆ ಅದನ್ನೂ ಹೇಳಿ.